ಮೊದಲು ವಿಳಾಸದ ಬಾಲ ನೋಡಿ, ಆಮೇಲೆ ಬಟನ್ ಒತ್ತಿ: ನಮ್ಮ ನಾಲ್ಕು ತಾಲೂಕಿನ ಜನರಿಗೆ ಉಪಯೋಗ ಆಗೋ ವೆಬ್‌ಸೈಟ್‌ಗಳು

ದಾಂಡೇಲಿ: ಪಹಣಿ, ಜಾತಿ-ಆದಾಯ ಪ್ರಮಾಣಪತ್ರ, ಕರೆಂಟ್ ಬಿಲ್, ಮಕ್ಕಳ ಸ್ಕಾಲರ್‌ಶಿಪ್, ಅಂಗಡಿಯ ನೋಂದಣಿ. ಮೊದಲು ಒಂದೊಂದಕ್ಕೂ ಒಂದೊಂದು ಆಫೀಸಿನ ಬಾಗಿಲು ಕಾಯಬೇಕಿತ್ತು. ಜೋಯಿಡಾ ತಾಲೂಕಿನ ಒಳಗಿನ ಹಳ್ಳಿಯಿಂದ ತಾಲೂಕು ಕಚೇರಿಗೆ ಬಂದು ಹೋಗೋದು ಅಂದ್ರೆ ಒಂದು ದಿನದ ಕೂಲಿ ಹೋದ ಹಾಗೇ. ಈಗ ಇದರಲ್ಲಿ ಹೆಚ್ಚಿನ ಕೆಲಸ ಮೊಬೈಲ್‌ನಲ್ಲೇ ಆಗುತ್ತೆ.

ಆದರೆ ಅದೇ ಮೊಬೈಲ್‌ಗೆ ಅದೇ ಹೆಸರಿನ ನಕಲಿ ವೆಬ್‌ಸೈಟ್, ನಕಲಿ ಲಿಂಕ್, ನಕಲಿ ಕಸ್ಟಮರ್ ಕೇರ್ ನಂಬರೂ ಬರ್ತವೆ. 2025ರ ಮಾರ್ಚ್‌ನಲ್ಲಿ ನಮ್ಮ ಪಕ್ಕದ ಖಾನಾಪುರ ತಾಲೂಕಿನಲ್ಲಿ ಹಿರಿಯ ದಂಪತಿ ಆನ್‌ಲೈನ್ ವಂಚಕರ ಬೆದರಿಕೆಗೆ ಸಿಕ್ಕು, ದುಡ್ಡೂ ಹೋಗಿ, ಕೊನೆಗೆ ಜೀವವನ್ನೇ ಕಳೆದುಕೊಂಡರು. ಹಾಗಾಗಿ ಇದು ಬರೀ ಬೆಂಗಳೂರಿನವರ ಸಮಸ್ಯೆ ಅಂತ ಸುಮ್ಮನೆ ಇರೋ ಹಾಗಿಲ್ಲ.

ದಿನನಿತ್ಯ ಬೇಕಾಗುವ ಅಸಲಿ ವೆಬ್‌ಸೈಟ್‌ಗಳು ಯಾವವು, ಅಲ್ಲಿ ಏನು ಫ್ರೀ, ಏನಕ್ಕೆ ದುಡ್ಡು, ನಕಲಿ ಯಾವುದು ಅಂತ ಗುರುತಿಸೋದು ಹೇಗೆ ಅನ್ನೋದನ್ನ ಒಂದೇ ಕಡೆ ಇಲ್ಲಿ ಕೊಟ್ಟಿದ್ದೇವೆ. ಸೇವ್ ಮಾಡಿಟ್ಕೊಳ್ಳಿ.

ಮೊದಲು ಇದೊಂದು ಕಲಿಯಿರಿ: ವಿಳಾಸದ ಬಾಲ

ಪ್ರತಿ ವೆಬ್‌ಸೈಟಿಗೂ ಒಂದು ವಿಳಾಸ ಇರುತ್ತೆ. ಇಲ್ಲಿ ವಿಳಾಸಗಳನ್ನ ಕನ್ನಡದಲ್ಲಿ, ಓದೋ ಹಾಗೆ ಬರೆದಿದ್ದೇವೆ. ನೀವು ಬ್ರೌಸರ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಬೇಕು. 'ಡಾಟ್' ಅಂದ್ರೆ ಚುಕ್ಕೆ. 'ಗವ್' ಅಂದ್ರೆ ಜಿ, ಒ, ವಿ ಈ ಮೂರು ಅಕ್ಷರ.

ಹೆಸರು ಯಾರು ಬೇಕಾದ್ರೂ ಏನು ಬೇಕಾದ್ರೂ ಇಡಬಹುದು. ಆದರೆ ಬಾಲ ಎಲ್ಲರಿಗೂ ಸಿಗಲ್ಲ. 'ಡಾಟ್ ಗವ್ ಡಾಟ್ ಇನ್' ಮತ್ತು 'ಡಾಟ್ ಎನ್‌ಐಸಿ ಡಾಟ್ ಇನ್' ಅನ್ನೋ ಬಾಲ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಕೊಡ್ತಾರೆ. ಖಾಸಗಿಯವರು ದುಡ್ಡು ಕೊಟ್ಟರೂ ಸಿಗಲ್ಲ. 'ಡಾಟ್ ಕಾಮ್', 'ಡಾಟ್ ಆರ್ಗ್', 'ಡಾಟ್ ಆನ್‌ಲೈನ್' ಇವೆಲ್ಲಾ ಯಾರು ಬೇಕಾದ್ರೂ ಕೊಳ್ಳಬಹುದು.

ನೋಡೋದು ಹೇಗೆ? ವಿಳಾಸದಲ್ಲಿ ಮೊದಲ ಒಂಟಿ ಓರೆಗೆರೆ ಎಲ್ಲಿದೆ ಹುಡುಕಿ. ಅದಕ್ಕಿಂತ ಹಿಂದೆ, ತಾಗಿಕೊಂಡೇ ಇರೋದು ಬಾಲ. 'ಪಿಎಂಕಿಸಾನ್ ಡಾಟ್ ಗವ್ ಡಾಟ್ ಇನ್' ಅಸಲಿ. ಅದೇ 'ಪಿಎಂಕಿಸಾನ್ ಡಾಟ್ ಗವ್ ಡಾಟ್ ಇನ್ ಡಾಟ್ ಏನೋ ಡಾಟ್ ಕಾಮ್' ಅಂತ ಇದ್ರೆ ಬಾಲ 'ಕಾಮ್' ಆಯ್ತು. ನಡುವೆ ಎಷ್ಟು 'ಗವ್' ಇದ್ರೂ ಅದು ಸರ್ಕಾರದ್ದಲ್ಲ.

ಇನ್ನು ಬೀಗದ ಚಿತ್ರ ಇದೆ ಅಂತ ನಂಬಬೇಡಿ. ನೀವು ಟೈಪ್ ಮಾಡಿದ್ದನ್ನ ದಾರಿಯಲ್ಲಿ ಬೇರೆಯವರು ಓದೋಕಾಗಲ್ಲ ಅಂತಷ್ಟೇ ಅದರ ಅರ್ಥ. ಕಳ್ಳರ ವೆಬ್‌ಸೈಟಿಗೂ ಬೀಗ ಇರುತ್ತೆ. ಗೂಗಲ್‌ನಲ್ಲಿ ಹುಡುಕಿದಾಗ ಮೇಲೆ ಬರೋ 'ಪ್ರಾಯೋಜಿತ' ಅಂತ ಬರೆದಿರೋದು ಜಾಹೀರಾತು. ಅದನ್ನ ಬಿಟ್ಟು ಕೆಳಗೆ ಬನ್ನಿ.

ಎಲ್ಲಾ ಅಸಲಿ ವೆಬ್‌ಸೈಟಿಗೂ ಗವ್ ಬಾಲ ಇರಲ್ಲ, ಅದೂ ಗೊತ್ತಿರಲಿ. ರೈಲ್ವೆ ಟಿಕೆಟ್‌ಗೆ 'ಐಆರ್‌ಸಿಟಿಸಿ ಡಾಟ್ ಸಿಒ ಡಾಟ್ ಇನ್'. ನಮ್ಮ ವಾಯವ್ಯ ಸಾರಿಗೆ ಬಸ್ಸಿನ ಮುಂಗಡ ಟಿಕೆಟ್ ಸಿಗೋದೂ 'ಕೆಎಸ್‌ಆರ್‌ಟಿಸಿ ಡಾಟ್ ಇನ್'ನಲ್ಲಿ. ಬ್ಯಾಂಕ್‌ಗಳಿಗೆ ಮಾತ್ರ ರಿಸರ್ವ್ ಬ್ಯಾಂಕ್ ಹೊಸ ಬಾಲ ತಂದಿದೆ: 'ಡಾಟ್ ಬ್ಯಾಂಕ್ ಡಾಟ್ ಇನ್'. 2025ರ ಅಕ್ಟೋಬರ್ 31ರೊಳಗೆ ಎಲ್ಲಾ ಬ್ಯಾಂಕ್‌ಗಳೂ ಇದಕ್ಕೆ ಬದಲಾಗಬೇಕು ಅಂತ ಆದೇಶ ಆಗಿತ್ತು. ನಿಮ್ಮ ಬ್ಯಾಂಕಿನ ಹೆಸರಲ್ಲಿ ಬಂದ ಲಿಂಕ್‌ಗೆ ಈ ಬಾಲ ಇಲ್ಲ ಅಂದ್ರೆ ಪಾಸ್‌ವರ್ಡ್ ಹಾಕಬೇಡಿ.

ಜಮೀನು, ಮನೆ, ದಾಖಲೆ

ಭೂಮಿ: 'ಲ್ಯಾಂಡ್‌ರೆಕಾರ್ಡ್ಸ್ ಡಾಟ್ ಕರ್ನಾಟಕ ಡಾಟ್ ಗವ್ ಡಾಟ್ ಇನ್'. ಇಲ್ಲಿ ಪಹಣಿ, ಮ್ಯುಟೇಷನ್ ನೋಡಬಹುದು. ನೋಡೋಕೆ ದುಡ್ಡಿಲ್ಲ. ಬ್ಯಾಂಕಿಗೋ ಕೋರ್ಟಿಗೋ ಕೊಡಲಿಕ್ಕೆ ಡಿಜಿಟಲ್ ಸಹಿ ಇರೋ ಪ್ರತಿ ಬೇಕಂದ್ರೆ ಮಾತ್ರ ಶುಲ್ಕ. ದಾಂಡೇಲಿ ಮೊದಲು ಹಳಿಯಾಳ ತಾಲೂಕಿನಲ್ಲೇ ಇತ್ತು. ಜೋಯಿಡಾಕ್ಕೆ ಹಳೇ ದಾಖಲೆಯಲ್ಲಿ ಸೂಪಾ ಅಂತ ಹೆಸರು. ನಿಮ್ಮ ಊರು ಒಂದು ತಾಲೂಕಿನ ಪಟ್ಟಿಯಲ್ಲಿ ಸಿಗಲಿಲ್ಲ ಅಂದ್ರೆ ಹಳೇ ಹೆಸರಲ್ಲೂ ಒಮ್ಮೆ ನೋಡಿ.

ಕಾವೇರಿ: 'ಕಾವೇರಿ ಡಾಟ್ ಕರ್ನಾಟಕ ಡಾಟ್ ಗವ್ ಡಾಟ್ ಇನ್'. ಜಾಗ, ಮನೆ ತಗೊಳ್ಳೋ ಮೊದಲು ಇಲ್ಲಿ ಋಣಭಾರ ಪ್ರಮಾಣಪತ್ರ, ಅಂದ್ರೆ ಇಸಿ ತೆಗೆಸಿ. ಆ ಆಸ್ತಿಯ ಮೇಲೆ ಯಾವ ವ್ಯವಹಾರ ನೋಂದಣಿ ಆಗಿದೆ ಅಂತ ಗೊತ್ತಾಗುತ್ತೆ. ಲಾಗಿನ್ ಬೇಕು, ಶುಲ್ಕ ಇದೆ. ಅಡ್ವಾನ್ಸ್ ಕೊಟ್ಟ ಮೇಲೆ ತೆಗೆಸಿದ್ರೆ ಉಪಯೋಗ ಕಡಿಮೆ.

ದಿಶಾಂಕ್: ಇದು ಸರ್ಕಾರದ ಆಪ್. ನೀವು ನಿಂತಿರೋ ಜಾಗ ಯಾವ ಸರ್ವೆ ನಂಬರ್ ಅಂತ ನಕ್ಷೆಯಲ್ಲಿ ತೋರಿಸುತ್ತೆ. ನಮ್ಮ ಕಡೆ ಅರಣ್ಯದ ಗಡಿ ಎಲ್ಲಿ, ಮಾಲ್ಕಿ ಎಲ್ಲಿ ಅನ್ನೋ ತಕರಾರು ಜಾಸ್ತಿ. ಜಾಗ ತೋರಿಸೋಕೆ ಬಂದವರ ಮುಂದೇನೇ ಇದನ್ನ ತೆರೆದು ನೋಡಿ. ಆದರೆ ಇದು ಅಂದಾಜಿಗೆ ಮಾತ್ರ. ಅಳತೆಗೆ ಸರ್ವೆಯರೇ ಬೇಕು.

ನಾಡಕಚೇರಿ: 'ನಾಡಕಚೇರಿ ಡಾಟ್ ಕರ್ನಾಟಕ ಡಾಟ್ ಗವ್ ಡಾಟ್ ಇನ್'. ಜಾತಿ, ಆದಾಯ, ವಾಸಸ್ಥಳ ಪ್ರಮಾಣಪತ್ರಕ್ಕೆ ಮನೆಯಿಂದಲೇ ಅರ್ಜಿ ಹಾಕಬಹುದು. ಪ್ರಮಾಣಪತ್ರದ ಮೇಲಿರೋ ಆರ್‌ಡಿ ನಂಬರ್ ಬರೆದಿಟ್ಕೊಳ್ಳಿ. ಸ್ಕಾಲರ್‌ಶಿಪ್ ಅರ್ಜಿಗೆ ಅದೇ ಕೇಳ್ತಾರೆ.

ಸೇವಾ ಸಿಂಧು: 'ಸೇವಾಸಿಂಧು ಡಾಟ್ ಕರ್ನಾಟಕ ಡಾಟ್ ಗವ್ ಡಾಟ್ ಇನ್'. ಬೇರೆ ಬೇರೆ ಇಲಾಖೆಯ ನೂರಾರು ಸೇವೆ ಒಂದೇ ಕಡೆ ಇವೆ. ಅರ್ಜಿ ಎಲ್ಲಿಗೆ ಬಂದು ನಿಂತಿದೆ ಅಂತಲೂ ಇಲ್ಲೇ ನೋಡಬಹುದು.

ಮಾಹಿತಿ ಕಣಜ: 'ಮಾಹಿತಿಕಣಜ ಡಾಟ್ ಕರ್ನಾಟಕ ಡಾಟ್ ಗವ್ ಡಾಟ್ ಇನ್'. ಇದು ಬಹಳ ಜನಕ್ಕೆ ಗೊತ್ತಿಲ್ಲ. ಮಾಹಿತಿ ಹಕ್ಕು ಕಾಯ್ದೆಯ ಆಶಯದಂತೆ, ಜನ ಕೇಳೋ ಮೊದಲೇ ಸರ್ಕಾರ ತಾನಾಗಿ ಮಾಹಿತಿ ಹಾಕಬೇಕು ಅಂತ ಮಾಡಿದ ಜಾಲತಾಣ. ಪಡಿತರ, ಪಿಂಚಣಿ, ಪಂಚಾಯತಿ ಕಾಮಗಾರಿ ಹೀಗೆ ಇಲಾಖೆವಾರು ವಿವರ ನೋಡೋಕೆ ಲಾಗಿನ್ ಬೇಡ, ದುಡ್ಡೂ ಬೇಡ. ನಮ್ಮೂರಿಗೆ ಏನು ಬಂತು ಅಂತ ಗ್ರಾಮಸಭೆಗೆ ಹೋಗೋ ಮೊದಲು ಒಮ್ಮೆ ನೋಡ್ಕೊಂಡು ಹೋಗಿ.

ಡಿಜಿಲಾಕರ್: 'ಡಿಜಿಲಾಕರ್ ಡಾಟ್ ಗವ್ ಡಾಟ್ ಇನ್'. ಡ್ರೈವಿಂಗ್ ಲೈಸೆನ್ಸ್, ಆರ್‌ಸಿ, ಅಂಕಪಟ್ಟಿ ಇದರೊಳಗೆ ಇಲಾಖೆಯಿಂದಲೇ ಬಂದಿದ್ರೆ ಅದು ಮೂಲ ದಾಖಲೆಗೆ ಸಮ. ನೀವೇ ಫೋಟೋ ಹೊಡೆದು ಹಾಕಿದ್ದಕ್ಕೆ ಆ ಬೆಲೆ ಇಲ್ಲ. ರಾಮನಗರ, ಅನಮೋಡ ದಾಟಿ ಗೋವಾಕ್ಕೆ ಹೋಗೋರು ಒಂದು ವಿಷಯ ನೆನಪಿಡಿ: ಕಾಡಿನ ದಾರಿಯಲ್ಲಿ ನೆಟ್‌ವರ್ಕ್ ನಂಬೋ ಹಾಗಿಲ್ಲ. ಸಿಗ್ನಲ್ ಇರುವಾಗಲೇ ತೆರೆದು ಇಳಿಸಿಟ್ಕೊಳ್ಳಿ.

ಆಧಾರ್: 'ಮೈಆಧಾರ್ ಡಾಟ್ ಯುಐಡಿಎಐ ಡಾಟ್ ಗವ್ ಡಾಟ್ ಇನ್'. ಇಲ್ಲಿ ಬೆರಳಚ್ಚು ಲಾಕ್ ಮಾಡೋ ಸೌಲಭ್ಯ ಇದೆ. 2023ರಲ್ಲಿ ಮಂಗಳೂರು, ಬೆಂಗಳೂರು ಕಡೆ ಆಸ್ತಿ ನೋಂದಣಿ ಮಾಡಿಸಿದವರ ಬೆರಳಚ್ಚು ಕದ್ದು ಖಾತೆಯಿಂದ ಹಣ ತೆಗೆದ ದೂರುಗಳು ಬಂದಿದ್ದವು. ಒಟಿಪಿ ಕೊಡದೇ ಇದ್ರೂ ಹಣ ಹೋಗಿತ್ತು. ಲಾಕ್ ಮಾಡಿದ್ರೆ ಆ ದಾರಿ ಬಂದ್. ಆದರೆ ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತೋ ದಿನ ಅನ್‌ಲಾಕ್ ಮಾಡಿಕೊಂಡು ಹೋಗಬೇಕು. ಇಲ್ಲಾಂದ್ರೆ ಮಷಿನ್ ತಗೊಳ್ಳಲ್ಲ.

ಅಂಗಡಿಯವರಿಗೆ

ಉದ್ಯಮ್: 'ಉದ್ಯಮ್‌ರಿಜಿಸ್ಟ್ರೇಷನ್ ಡಾಟ್ ಗವ್ ಡಾಟ್ ಇನ್'. ಸಣ್ಣ ಉದ್ಯಮ ಅಂತ ನೋಂದಣಿ ಮಾಡಿಸೋಕೆ ಇಲ್ಲಿ ಒಂದು ರೂಪಾಯಿಯೂ ಶುಲ್ಕ ಇಲ್ಲ. ಗೂಗಲ್‌ನಲ್ಲಿ ಹುಡುಕಿದ್ರೆ ಇದೇ ರೀತಿ ಕಾಣೋ, ರಾಷ್ಟ್ರಲಾಂಛನದ ಹಾಗೆ ಏನೋ ಚಿತ್ರ ಹಾಕಿಕೊಂಡ ಖಾಸಗಿ ವೆಬ್‌ಸೈಟ್‌ಗಳು ಸಾಲಾಗಿ ಬರ್ತವೆ. ಫಾರ್ಮ್ ತುಂಬಿಸಿಕೊಂಡು ಕೊನೆಗೆ ಸಾವಿರ, ಎರಡು ಸಾವಿರ ಕೇಳಿದ್ರೆ ಅಲ್ಲಿಂದ ವಾಪಸ್ ಬನ್ನಿ. ಬಾಲ ನೋಡಿದ್ರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತೆ.

ಜಿಎಸ್‌ಟಿ: 'ಜಿಎಸ್‌ಟಿ ಡಾಟ್ ಗವ್ ಡಾಟ್ ಇನ್'. ಇಲ್ಲಿ 'ಸರ್ಚ್ ಟ್ಯಾಕ್ಸ್‌ಪೇಯರ್' ಅಂತ ಇದೆ. ಲಾಗಿನ್ ಬೇಡ. ಹುಬ್ಬಳ್ಳಿ, ಬೆಳಗಾವಿ, ಗೋವಾದಿಂದ ಮಾಲು ತರಿಸೋರು ಬಿಲ್ ಮೇಲಿನ ಜಿಎಸ್‌ಟಿ ನಂಬರ್ ಹಾಕಿ ನೋಡಿ. ಹೆಸರು ಸರಿ ಇದೆಯಾ, ನೋಂದಣಿ ಚಾಲ್ತಿಯಲ್ಲಿದೆಯಾ ಅಂತ ತಿಳಿಯುತ್ತೆ. ನಂಬರ್ 15 ಅಕ್ಷರ-ಅಂಕಿ ಇರಬೇಕು. ಮೊದಲ ಎರಡು ಅಂಕಿ ರಾಜ್ಯದ್ದು: ಕರ್ನಾಟಕ 29, ಗೋವಾ 30, ಮಹಾರಾಷ್ಟ್ರ 27. ನೋಂದಣಿ ರದ್ದಾದವರು ಬಿಲ್ಲಿನಲ್ಲಿ ತೆರಿಗೆ ಹಾಕಿ ವಸೂಲಿ ಮಾಡಿದ್ರೆ ಕೊನೆಗೆ ತೊಂದರೆ ನಿಮಗೇ. 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕೊಟ್ಟಿದ್ದು ನೆನಪಿರಬಹುದು. ಕ್ಯೂಆರ್ ಕೋಡ್ ತೆಗೆದು ಹಾಕೋದಕ್ಕಿಂತ ಖರೀದಿ-ಮಾರಾಟದ ಲೆಕ್ಕ ಇಟ್ಟುಕೊಳ್ಳೋದೇ ದಾರಿ.

ಫೋಸ್ಕೋಸ್: 'ಫೋಸ್ಕೋಸ್ ಡಾಟ್ ಎಫ್‌ಎಸ್‌ಎಸ್‌ಎಐ ಡಾಟ್ ಗವ್ ಡಾಟ್ ಇನ್'. ಕಿರಾಣಿ, ಬೇಕರಿ, ಖಾನಾವಳಿ, ಚಹಾದಂಗಡಿ, ಊಟ ಕೊಡೋ ಹೋಂಸ್ಟೇ ಎಲ್ಲರಿಗೂ ಆಹಾರ ಸುರಕ್ಷತೆ ನೋಂದಣಿ ಅಥವಾ ಲೈಸೆನ್ಸ್ ಬೇಕು. ಅರ್ಜಿ ಹಾಕೋದು ಇಲ್ಲೇ.

ಯುಪಿಐ ಬಗ್ಗೆ ಒಂದೇ ಮಾತು: ಹಣ ಬರೋದಕ್ಕೆ ಪಿನ್ ಬೇಡ. ಪಿನ್ ಒತ್ತಿದ್ರೆ ಹಣ ಹೋಗುತ್ತೆ, ಬರಲ್ಲ. ಗಿರಾಕಿ ಸ್ಕ್ರೀನ್‌ಶಾಟ್ ತೋರಿಸಿದ್ರೆ ಸಾಲದು. ನಿಮ್ಮ ಸೌಂಡ್‌ಬಾಕ್ಸ್ ಅಥವಾ ಖಾತೆ ಹೇಳಬೇಕು.

ಹೋಂಸ್ಟೇ, ರೆಸಾರ್ಟ್, ರಾಫ್ಟಿಂಗ್ ನಡೆಸೋರು ಗೂಗಲ್ ಮ್ಯಾಪ್‌ನಲ್ಲಿ ನಿಮ್ಮ ಹೆಸರಿನ ಪುಟವನ್ನ ನೀವೇ ನೋಂದಾಯಿಸಿಕೊಳ್ಳಿ. ಫೋನ್ ನಂಬರ್ ತಪ್ಪಿದೆ ಅಂತ ಯಾರು ಬೇಕಾದ್ರೂ ತಿದ್ದುಪಡಿ ಸೂಚಿಸಬಹುದು. ಅಲ್ಲಿ ಬೇರೆ ನಂಬರ್ ಕೂತ್ರೆ ಅಡ್ವಾನ್ಸ್ ಬೇರೆಯವರಿಗೆ ಹೋಗಿ, ಪ್ರವಾಸಿಗರು ನಿಮ್ಮ ಗೇಟಿನ ಮುಂದೆ ಜಗಳಕ್ಕೆ ನಿಲ್ತಾರೆ. ತಿಂಗಳಿಗೊಮ್ಮೆ ನಿಮ್ಮ ನಂಬರ್ ನೀವೇ ಹುಡುಕಿ ನೋಡಿ.

ರೈತರಿಗೆ

'ಕೃಷಿಮಾರಾಟವಾಹಿನಿ ಡಾಟ್ ಕರ್ನಾಟಕ ಡಾಟ್ ಗವ್ ಡಾಟ್ ಇನ್'ನಲ್ಲಿ ಎಪಿಎಂಸಿಗಳ ದರ ಇರುತ್ತೆ. ಕನಿಷ್ಠ, ಗರಿಷ್ಠ, ಮಾದರಿ ದರ ಅಂತ ಮೂರು ಕಾಣುತ್ತೆ. ನಿಮ್ಮ ಲೆಕ್ಕಕ್ಕೆ ಮಾದರಿ ದರ ಹಿಡಿರಿ. ಗರಿಷ್ಠ ದರ ಒಂದೋ ಎರಡೋ ಒಳ್ಳೆ ಲಾಟಿಗೆ ಮಾತ್ರ ಸಿಕ್ಕಿರಬಹುದು. ಹಳಿಯಾಳ, ಮುಂಡಗೋಡದ ಗೋವಿನಜೋಳ, ಭತ್ತ, ಹತ್ತಿ ಇರಲಿ, ಅಡಿಕೆ, ಕಾಳುಮೆಣಸು ಇರಲಿ, ಶಿರಸಿ, ಹುಬ್ಬಳ್ಳಿ ದರ ನೋಡಿಕೊಂಡು ಗಾಡಿ ಹತ್ತಿಸಿ.

'ಪಿಎಂಕಿಸಾನ್ ಡಾಟ್ ಗವ್ ಡಾಟ್ ಇನ್'ನಲ್ಲಿ ವರ್ಷದ 6000 ರೂಪಾಯಿಯ ಕಂತು ಬಂತಾ, ಯಾಕೆ ನಿಂತಿದೆ ಅಂತ ನೋಡಬಹುದು. ಬೆಳೆ ವಿಮೆಗೆ 'ಸಂರಕ್ಷಣೆ ಡಾಟ್ ಕರ್ನಾಟಕ ಡಾಟ್ ಗವ್ ಡಾಟ್ ಇನ್'. ಕೊನೆಯ ದಿನಾಂಕ ಬೆಳೆ ಬೆಳೆಗೂ ಬೇರೆ ಇರುತ್ತೆ, ಬಿತ್ತನೆ ಹೊತ್ತಿಗೇ ನೋಡಿಟ್ಕೊಳ್ಳಿ.

ಮಳೆಗಾಲಕ್ಕೆ 'ಮೌಸಮ್ ಡಾಟ್ ಐಎಂಡಿ ಡಾಟ್ ಗವ್ ಡಾಟ್ ಇನ್' ಹವಾಮಾನ ಇಲಾಖೆಯದ್ದು. ರೆಡ್ ಅಲರ್ಟ್, ಆರೆಂಜ್ ಅಲರ್ಟ್ ಅಂತ ವಾಟ್ಸಾಪ್‌ನಲ್ಲಿ ಹಳೇ ಸುದ್ದಿ ಓಡಾಡ್ತಾ ಇದ್ರೆ ಇಲ್ಲಿ ಜಿಲ್ಲೆಯ ಹೆಸರು ಹುಡುಕಿ ಖಾತ್ರಿ ಮಾಡಿಕೊಳ್ಳಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಜಾಲತಾಣದಲ್ಲಿ ಸೂಪಾ ಜಲಾಶಯದ ನೀರಿನ ಮಟ್ಟವೂ ಇರುತ್ತೆ. ಗರಿಷ್ಠ ಮಟ್ಟ 564 ಮೀಟರ್ ಅನ್ನೋದು ಗೊತ್ತಿದ್ರೆ ಡ್ಯಾಂ ಎಷ್ಟು ತುಂಬಿದೆ ಅಂತ ನೀವೇ ಹೇಳಬಹುದು. ಗದ್ದೆ, ಬೆಟ್ಟದಲ್ಲಿ ಕೆಲಸ ಮಾಡೋರು 'ದಾಮಿನಿ' ಆಪ್ ಹಾಕ್ಕೊಳ್ಳಿ. ಸುತ್ತಲಿನ 20ರಿಂದ 40 ಕಿಲೋಮೀಟರ್ ಒಳಗಿನ ಸಿಡಿಲಿನ ಎಚ್ಚರಿಕೆ ಕೊಡುತ್ತೆ.

ಮಕ್ಕಳ ಓದಿಗೆ

ಎಸ್ಸೆಸ್ಸೆಲ್ಸಿ, ಪಿಯುಸಿ ರಿಸಲ್ಟ್‌ಗೆ 'ಕೆಎಆರ್‌ರಿಸಲ್ಟ್ಸ್ ಡಾಟ್ ಎನ್‌ಐಸಿ ಡಾಟ್ ಇನ್'. ರಿಸಲ್ಟ್ ದಿನ ಸೈಟ್ ನಿಧಾನ ಆಗುತ್ತೆ. ಅವಸರಕ್ಕೆ ಬೇರೆ ಲಿಂಕ್‌ನಲ್ಲಿ ಮಕ್ಕಳ ನಂಬರ್, ಮೊಬೈಲ್ ನಂಬರ್ ಹಾಕಬೇಡಿ. ಸ್ಕಾಲರ್‌ಶಿಪ್‌ಗೆ ರಾಜ್ಯದ್ದು 'ಎಸ್‌ಎಸ್‌ಪಿ', ಕೇಂದ್ರದ್ದು 'ಸ್ಕಾಲರ್‌ಶಿಪ್ಸ್ ಡಾಟ್ ಗವ್ ಡಾಟ್ ಇನ್'. ಆಧಾರ್ ಜೋಡಣೆ ಆಗಿರೋ ಬ್ಯಾಂಕ್ ಖಾತೆ ಯಾವುದು ಅಂತ ಮೊದಲೇ ನೋಡಿಕೊಳ್ಳಿ. ಹಣ ಆ ಖಾತೆಗೇ ಹೋಗೋದು.

ಪಠ್ಯಪುಸ್ತಕ ಹರಿದು ಹೋದ್ರೆ, ಕಳೆದು ಹೋದ್ರೆ ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪಿಡಿಎಫ್ ಫ್ರೀ ಸಿಗುತ್ತೆ. ಕನ್ನಡ ಪದಕ್ಕೆ ಇಂಗ್ಲಿಷ್ ಅರ್ಥ ಬೇಕಂದ್ರೆ 'ಅಲರ್' ನಿಘಂಟು ನೋಡಿ, ವಿಳಾಸ 'ಅಲರ್ ಡಾಟ್ ಇಂಕ್'. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಮಾಡಿದ ಪದಸಂಗ್ರಹ ಅದು, ಈಗ ಎಲ್ಲರಿಗೂ ಮುಕ್ತ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯ ಓದೋಕೂ ಆಗುತ್ತೆ, ಬರೆಯೋಕೂ ಆಗುತ್ತೆ. ನಮ್ಮ ಊರು, ಕೆರೆ, ದೇವಸ್ಥಾನದ ಬಗ್ಗೆ ಅಲ್ಲಿ ಏನೂ ಇಲ್ಲ ಅಂದ್ರೆ ಆಧಾರ ಸಮೇತ ನೀವೇ ಸೇರಿಸಬಹುದು.

ಹಿರಿಯರಿಗೆ, ಪಿಂಚಣಿದಾರರಿಗೆ

ದಾಂಡೇಲಿಯಲ್ಲಿ ಕಾರ್ಖಾನೆ ಕೆಲಸ ಮಾಡಿ ನಿವೃತ್ತರಾದವರು ಬಹಳ ಜನ ಇದ್ದಾರೆ. ಪಿಎಫ್ ಪಿಂಚಣಿದಾರರು ಜೀವನ ಪ್ರಮಾಣಪತ್ರವನ್ನ 'ಜೀವನ್‌ಪ್ರಮಾಣ್ ಡಾಟ್ ಗವ್ ಡಾಟ್ ಇನ್' ಮೂಲಕ ಕೊಡಬಹುದು. ಈಗ ಮೊಬೈಲ್ ಕ್ಯಾಮೆರಾಕ್ಕೆ ಮುಖ ತೋರಿಸಿದ್ರೂ ಆಗುತ್ತೆ, ಬೆರಳಚ್ಚು ಮೂಡದ ಅಜ್ಜ-ಅಜ್ಜಿಯರಿಗೆ ಇದು ಅನುಕೂಲ. ಪಿಎಫ್ ಪಿಂಚಣಿಯವರು ನವೆಂಬರ್‌ಗೇ ಕಾಯಬೇಕಿಲ್ಲ. ಯಾವಾಗ ಕೊಟ್ಟರೂ ಅಲ್ಲಿಂದ ಒಂದು ವರ್ಷ ಚಾಲ್ತಿ.

ರಿಸರ್ವ್ ಬ್ಯಾಂಕಿನ 'ಉದ್ಗಮ್' ಅಂತ ಒಂದಿದೆ: 'ಉದ್ಗಮ್ ಡಾಟ್ ಆರ್‌ಬಿಐ ಡಾಟ್ ಆರ್ಗ್ ಡಾಟ್ ಇನ್'. 10 ವರ್ಷ ಯಾರೂ ಮುಟ್ಟದೇ ಬಿದ್ದ ಬ್ಯಾಂಕ್ ಠೇವಣಿ ಇಲ್ಲಿ ಹೆಸರು ಹಾಕಿ ಹುಡುಕಬಹುದು. ತೀರಿಕೊಂಡ ತಂದೆ-ತಾಯಿ ಹೆಸರಲ್ಲಿ ಹಳೇ ಖಾತೆ ಇತ್ತಾ ಅಂತ ಅನುಮಾನ ಇರೋರು ನೋಡಿ. ಸಿಕ್ಕರೆ ದಾಖಲೆ ತಗೊಂಡು ಆ ಬ್ಯಾಂಕಿಗೇ ಹೋಗಿ. ಕೊಡಿಸ್ತೀನಿ ಅಂತ ಕಮಿಷನ್ ಕೇಳೋರನ್ನ ನಂಬಬೇಡಿ.

ನಮ್ಮ ಕಡೆ ಓಡಾಡೋ ನಕಲಿ ಮೆಸೇಜ್‌ಗಳು

ಟ್ರಾಫಿಕ್ ದಂಡ: ನಿಮ್ಮ ಕೆಎ-65 ಗಾಡಿಗೆ ದಂಡ ಬಿದ್ದಿದೆ ಅಂತ ವಾಟ್ಸಾಪ್‌ನಲ್ಲಿ ಒಂದು ಎಪಿಕೆ ಫೈಲ್ ಬರುತ್ತೆ. ಒತ್ತಿದ್ರೆ ಅದು ಆಪ್ ಆಗಿ ಕೂತು ನಿಮ್ಮ ಒಟಿಪಿ ಓದುತ್ತೆ. ದಂಡ ಇದೆಯಾ ಅಂತ 'ಪರಿವಾಹನ್ ಡಾಟ್ ಗವ್ ಡಾಟ್ ಇನ್'ನಲ್ಲೇ ನೋಡಿ. ಪಿಎಂ ಕಿಸಾನ್, ಬ್ಯಾಂಕ್ ಕೆವೈಸಿ, ಮದುವೆ ಕಾರ್ಡ್ ಅಂತಲೂ ಇದೇ ಎಪಿಕೆ ಬರುತ್ತೆ. ಪರಿಚಯದವರ ನಂಬರಿಂದ ಬಂದ್ರೂ ಒತ್ತಬೇಡಿ, ಅವರ ಫೋನೇ ಕಳ್ಳರ ಕೈಯಲ್ಲಿ ಇರಬಹುದು.

ಕರೆಂಟ್: ಇವತ್ತು ರಾತ್ರಿ ಕರೆಂಟ್ ಕಟ್, ಈ ನಂಬರಿಗೆ ಫೋನ್ ಮಾಡಿ ಅಂತ ಮೆಸೇಜ್. ಹೆಸ್ಕಾಂ ಬಾಕಿ 'ಹೆಸ್ಕಾಂ ಡಾಟ್ ಕರ್ನಾಟಕ ಡಾಟ್ ಗವ್ ಡಾಟ್ ಇನ್'ನಲ್ಲಿ ನೋಡಿ, ಇಲ್ಲವೇ 1912ಕ್ಕೆ ಕೇಳಿ.

ಡಿಜಿಟಲ್ ಅರೆಸ್ಟ್: ಪೊಲೀಸ್, ಸಿಬಿಐ, ಕೋರ್ಟ್ ಅಂತ ವಿಡಿಯೋ ಕಾಲ್ ಮಾಡಿ ಹೆದರಿಸ್ತಾರೆ. ವಿಡಿಯೋ ಕಾಲ್‌ನಲ್ಲಿ ಬಂಧಿಸೋ ಕಾನೂನೇ ನಮ್ಮ ದೇಶದಲ್ಲಿ ಇಲ್ಲ. ಕಾಲ್ ಕಟ್ ಮಾಡಿ, ಮನೆಯವರಿಗೆ ಹೇಳಿ. ಮನೆಯಲ್ಲಿ ವಯಸ್ಸಾದವರು ಒಬ್ಬರೇ ಇದ್ರೆ ಇದನ್ನ ಅವರಿಗೆ ಇವತ್ತೇ ಹೇಳಿಡಿ.

ಫೋನ್ ಕಳೆದರೆ, ದುಡ್ಡು ಹೋದರೆ

ಫೋನ್ ಕಳೆದರೆ ಪೊಲೀಸ್ ದೂರು ಕೊಟ್ಟು, 'ಸಂಚಾರ್‌ಸಾಥಿ ಡಾಟ್ ಗವ್ ಡಾಟ್ ಇನ್'ನಲ್ಲಿ ಐಎಂಇಐ ನಂಬರ್ ಹಾಕಿ ಬ್ಲಾಕ್ ಮಾಡಿ. ಐಎಂಇಐ ಬೇಕಂದ್ರೆ ಈಗಲೇ ಸ್ಟಾರ್, ಹ್ಯಾಶ್, 06, ಹ್ಯಾಶ್ ಒತ್ತಿ ಬರೆದಿಟ್ಕೊಳ್ಳಿ. ಕಳೆದ ಮೇಲೆ ಎಲ್ಲಿಂದ ತರ್ತೀರಿ? ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ಅಂತಲೂ ಇದೇ ಸೈಟ್ ತೋರಿಸುತ್ತೆ. ನಿಮಗೆ ಗೊತ್ತಿಲ್ಲದ ನಂಬರ್ ಇದ್ರೆ ಅಲ್ಲೇ ದೂರು ಕೊಡಿ.

ದುಡ್ಡು ಹೋದರೆ ನಾಚಿಕೆ ಬೇಡ, ತಡ ಬೇಡ. ತಕ್ಷಣ 1930ಕ್ಕೆ ಫೋನ್ ಮಾಡಿ. ಕಳ್ಳರು ಹಣವನ್ನ ಒಂದು ಖಾತೆಯಿಂದ ಇನ್ನೊಂದಕ್ಕೆ ಓಡಿಸ್ತಾ ಹೋಗ್ತಾರೆ. ಅದು ತೆಗೆಯೋ ಮೊದಲು ಬ್ಯಾಂಕ್ ತಡೆದರೆ ಮಾತ್ರ ವಾಪಸ್ ಬರೋ ದಾರಿ. ನಾಳೆ ಠಾಣೆಗೆ ಹೋಗೋಣ ಅಂತ ಕಾಯೋದ್ರಲ್ಲೇ ಹಣ ಹೋಗಿರುತ್ತೆ. ಆಮೇಲೆ 'ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್'ನಲ್ಲಿ ದೂರು ದಾಖಲಿಸಿ, ಹತ್ತಿರದ ಠಾಣೆಗೆ ಅಥವಾ ಕಾರವಾರದ ಸಿಇಎನ್ ಠಾಣೆಗೆ ತಿಳಿಸಿ. ಟ್ರಾನ್ಸಾಕ್ಷನ್ ನಂಬರ್, ಮೆಸೇಜ್ ಯಾವುದನ್ನೂ ಅಳಿಸಬೇಡಿ.

ನೆಟ್ ಬರಲ್ಲ, ಟೈಪ್ ಬರಲ್ಲ ಅನ್ನೋರಿಗೆ

ಗ್ರಾಮ ಒನ್, ಪಂಚಾಯತಿಯ ಬಾಪೂಜಿ ಸೇವಾ ಕೇಂದ್ರ, ಪೇಟೆಯ ಸೈಬರ್ ಅಂಗಡಿ ಇವೆ. ಅಲ್ಲಿ ಕೂತು ಅರ್ಜಿ ತುಂಬಿಕೊಡೋದೂ ಒಂದು ದುಡಿಮೆ, ಅದಕ್ಕೆ ಕೂಲಿ ಕೊಡೋದು ತಪ್ಪಲ್ಲ. ಆದರೆ ಮೂರು ವಿಷಯ ಕೇಳಿ ಪಡೆಯಿರಿ: ಸರ್ಕಾರಿ ಶುಲ್ಕ ಎಷ್ಟು, ನಿಮ್ಮ ಚಾರ್ಜ್ ಎಷ್ಟು ಅಂತ ಬೇರೆ ಬೇರೆ ಲೆಕ್ಕ. ಅರ್ಜಿ ಹಾಕಿದ್ದಕ್ಕೆ ಸ್ವೀಕೃತಿ ನಂಬರ್. ಮತ್ತು ಅರ್ಜಿಯಲ್ಲಿ ನಿಮ್ಮದೇ ಮೊಬೈಲ್ ನಂಬರ್. ಬೇರೆಯವರ ನಂಬರ್ ಹಾಕಿದ್ರೆ ಒಟಿಪಿ, ಮೆಸೇಜ್ ಎಲ್ಲಾ ಅವರಿಗೇ ಹೋಗುತ್ತೆ. ಆಧಾರ್ ಪ್ರಿಂಟ್ ಮಾಡಿಸಿದ ಮೇಲೆ ಅಂಗಡಿ ಕಂಪ್ಯೂಟರ್‌ನಿಂದ ಫೈಲ್ ಅಳಿಸಿ ಅಂತ ಹೇಳೋದೂ ನಿಮ್ಮ ಹಕ್ಕು.

ಅರ್ಜಿ ಹಾಕಿ ತಿಂಗಳಾದ್ರೂ ಉತ್ತರ ಇಲ್ವಾ? ರಾಜ್ಯ ಸರ್ಕಾರದ ಜನಸ್ಪಂದನ 1902ಕ್ಕೆ ಫೋನ್ ಮಾಡಿ ದೂರು ಕೊಡಬಹುದು. 'ಆರ್‌ಟಿಐಆನ್‌ಲೈನ್ ಡಾಟ್ ಕರ್ನಾಟಕ ಡಾಟ್ ಗವ್ ಡಾಟ್ ಇನ್'ನಲ್ಲಿ 10 ರೂಪಾಯಿ ಶುಲ್ಕಕ್ಕೆ ಮಾಹಿತಿ ಹಕ್ಕಿನ ಅರ್ಜಿ ಮನೆಯಿಂದಲೇ ಹೋಗುತ್ತೆ. ಕೋರ್ಟಿನ ಕೇಸು ಯಾವ ತಾರೀಕಿಗೆ ಇದೆ ಅಂತ ಇ-ಕೋರ್ಟ್ಸ್ ಜಾಲತಾಣದಲ್ಲಿ ಫ್ರೀ ನೋಡಬಹುದು, ತಾರೀಕು ಕೇಳೋಕೆ ಅಂತಲೇ ಹಳಿಯಾಳ, ಮುಂಡಗೋಡಕ್ಕೆ ಬರಬೇಕಿಲ್ಲ.

ಗೋಡೆಗೆ ಅಂಟಿಸಿಡಿ

ಸೈಬರ್ ವಂಚನೆ: 1930
ಹೆಸ್ಕಾಂ: 1912
ಸರ್ಕಾರಿ ಕೆಲಸದ ದೂರು: 1902
ತುರ್ತು ಪೊಲೀಸ್: 112
ಸರ್ಕಾರದ ಬಾಲ: ಡಾಟ್ ಗವ್ ಡಾಟ್ ಇನ್, ಡಾಟ್ ಎನ್‌ಐಸಿ ಡಾಟ್ ಇನ್
ಬ್ಯಾಂಕಿನ ಬಾಲ: ಡಾಟ್ ಬ್ಯಾಂಕ್ ಡಾಟ್ ಇನ್
ಎಪಿಕೆ ಫೈಲ್: ಯಾರು ಕಳಿಸಿದ್ರೂ ಒತ್ತಬಾರದು

ಮಾಹಿತಿ ಉಪಯೋಗ ಅನಿಸಿದ್ರೆ ನಿಮ್ಮ ಊರಿನ ಗ್ರೂಪಿಗೆ, ಅಂಗಡಿ ಅಕ್ಕಪಕ್ಕದವರಿಗೆ ಶೇರ್ ಮಾಡಿ. ಸ್ಮಾರ್ಟ್‌ಫೋನ್ ಇಲ್ಲದ ಹಿರಿಯರಿಗೆ ಕೊನೆಯ ಪಟ್ಟಿ ಒಂದನ್ನಾದ್ರೂ ಓದಿ ಹೇಳಿ.